ಏಪ್ರಿಲ್‌ವರೆಗೆ ಕಾದ ಕೇಪಿನ ರಿವಾಲ್ವರ್: ಮಿನೆಸೋಟದ ಚಳಿಯಲ್ಲಿ ನನ್ನ ಅನುಭವ

ಮದ್ದು, ಸೀಸದ ಗುಂಡು, ಕಿಡಿ ಹೊತ್ತಿಸುವ ಕೇಪು ಇವನ್ನು ಬೇರೆಬೇರೆಯಾಗಿ ಹಾಕುವ ನನ್ನ ರೆಮಿಂಗ್‌ಟನ್ ಮಾದರಿಯ ರಿವಾಲ್ವರಿನಲ್ಲಿ 18 ಈಡು ಮುಗಿಯುವಷ್ಟರಲ್ಲಿ ಸುಟ್ಟ ಮದ್ದಿನ ಕಿಟ್ಟದಿಂದ ಸಿಲಿಂಡರ್ ತಿರುಗದೆ ಕಚ್ಚಿಕೊಳ್ಳುತ್ತದೆ, ನಡುನಡುವೆ ಬಿಚ್ಚಿ ಒರೆಸುವುದೊಂದೇ ದಾರಿ ಎಂದು ನಾವು ಗುರಿ ಹೊಡೆಯಲು ಹೋಗುವ ರೇಂಜಿನ ಹಿರಿಯರಿಬ್ಬರು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕನಿಷ್ಠ ಹತ್ತು ಸಲವಾದರೂ ನನಗೆ ಹೇಳಿದ್ದರು. ಏಪ್ರಿಲ್ ಮೂರನೆಯ ವಾರದ ಒಂದು ಶನಿವಾರ ಅದೇ ರಿವಾಲ್ವರಿನಲ್ಲಿ, ಅವರಿಬ್ಬರ ಎದುರಿನಲ್ಲಿಯೇ, ಒಮ್ಮೆಯೂ ಒರೆಸದೆ 48 ಈಡು ಹೊಡೆದೆ. ಅಲ್ಲಿಗೆ ನಿಲ್ಲಿಸಿದ್ದು ಸಿಲಿಂಡರ್ ಕಚ್ಚಿಕೊಂಡದ್ದರಿಂದಲ್ಲ, ಮದ್ದಿಗೂ ಗುಂಡಿಗೂ ನಡುವೆ ಇಡಲು ಜಿಡ್ಡು ಹಚ್ಚಿ ನಾನು ಕಟ್ಟಿಕೊಂಡು ಹೋಗಿದ್ದ ಉಣ್ಣೆಬಿಲ್ಲೆಗಳು ಮುಗಿದದ್ದರಿಂದ. ಅದು ಹೇಗೆ ಸಾಧ್ಯವಾಯಿತು, ಅದಕ್ಕೆ ಮೊದಲು ಎಷ್ಟು ಹಣ ಮತ್ತು ಎಷ್ಟು ಶನಿವಾರಗಳು ಹಾಳಾದವು ಎಂಬುದನ್ನು ಕೇಪಿನ ಆಯುಧ ಬಳಸಿ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಬಾರು ಮಾಡುವ ಕ್ರಮವನ್ನು ಮೊದಲಿನಿಂದ ವಿವರಿಸಲು ಹೋಗುವುದಿಲ್ಲ.

ರಿವಾಲ್ವರ್ ಕೈಸೇರಿದ್ದು ನವೆಂಬರ್ ಕೊನೆಯ ವಾರದಲ್ಲಿ. 1858ರ ಪೇಟೆಂಟಿನ ವರ್ಷದಿಂದಲೇ ಎಲ್ಲರೂ ಕರೆಯುವ, ಆದರೆ ಮೂಲದಲ್ಲಿ 1863ರಿಂದ 1875ರವರೆಗೆ ತಯಾರಾದ ರೆಮಿಂಗ್‌ಟನ್ ನ್ಯೂ ಮಾಡೆಲ್ ಆರ್ಮಿಯ ಪ್ರತಿಕೃತಿ ಅದು; .44 ಕ್ಯಾಲಿಬರ್, 8 ಇಂಚಿನ ನಳಿಗೆ, ತಯಾರಾದದ್ದು ಇಟಲಿಯ ಗಾರ್ಡೋನೆ ವಾಲ್ ಟ್ರೊಂಪಿಯಾದಲ್ಲಿ. ರಿಯಾಯಿತಿ ಕಳೆದು ಸುಮಾರು 310 ಡಾಲರ್ ಬಿದ್ದಿತು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆಯು ಈ ಬಗೆಯ ಪ್ರತಿಕೃತಿಗಳನ್ನು ಹಳೆಯ ಕಾಲದ ಆಯುಧಗಳ ಸಾಲಿಗೆ ಸೇರಿಸಿರುವುದರಿಂದ ಪೆಟ್ಟಿಗೆ ನೇರವಾಗಿ ಮನೆಬಾಗಿಲಿಗೇ ಬಂದಿತು. ರಾಜ್ಯಗಳ ನಿಯಮ ಬೇರೆಬೇರೆಯಾಗಿರುವುದರಿಂದ ಕೊಳ್ಳುವವರು ತಮ್ಮ ರಾಜ್ಯದ ನಿಯಮವನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿಯೊಂದಿದೆ. ಚುನಾವಣೆ ಬಂದಾಗಲೆಲ್ಲ ಅದು ಠಾಣೆಗೆ ಹೋಗಿ ಕುಳಿತು, ಫಲಿತಾಂಶ ಬಂದ ಮೇಲೆ ಮನೆಗೆ ಬರುತ್ತದೆ. ಮದ್ದು, ಕೇಪು, ಕಿಟ್ಟ ಇವೆಲ್ಲ ನನಗೆ ಹುಟ್ಟಿದಂದಿನಿಂದ ಗೊತ್ತು ಎಂಬ ಹಮ್ಮು ಇದ್ದದ್ದರಿಂದಲೇ ಮೊದಲ ತಪ್ಪು ನಡೆಯಿತು.

ಡಿಸೆಂಬರ್ ಎರಡನೆಯ ವಾರ, ಸೊನ್ನೆಗಿಂತ 11 ಡಿಗ್ರಿ ಕೆಳಗಿದ್ದ ಬೆಳಗಿನಲ್ಲಿ, ತಾಳ್ಮೆ ಸಾಲದೆ ಹೊರಟುಬಿಟ್ಟೆ. ಒಳಾಂಗಣ ರೇಂಜುಗಳಲ್ಲಿ ಹೆಚ್ಚಿನವು ಹೊಗೆಯ ಕಾರಣಕ್ಕೆ ಕಪ್ಪುಮದ್ದನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಬಯಲಿನ ರೇಂಜೇ ಗತಿ. ಕೈಗವಸು ಹಾಕಿಕೊಂಡರೆ ಕೇಪು ಬೆರಳಿಗೆ ಸಿಗುವುದಿಲ್ಲ, ತೆಗೆದರೆ ಎರಡೇ ನಿಮಿಷದಲ್ಲಿ ಬೆರಳಿದೆಯೋ ಇಲ್ಲವೋ ತಿಳಿಯುವುದಿಲ್ಲ. ಎಂಟೋ ಹತ್ತೋ ಕೇಪುಗಳು ಹಿಮದೊಳಗೆ ಬಿದ್ದು ಹೋದವು. ಅಂಗಡಿಯಿಂದ ತಂದಿದ್ದ ಜಿಡ್ಡಿನ ಬಿಲ್ಲೆಗಳು ಕ್ಯಾರಂ ಕಾಯಿಯಂತೆ ಗಟ್ಟಿಯಾಗಿದ್ದವು. ಆ ಒಣ ಚಳಿಗಾಳಿಯಲ್ಲಿ ಕಿಟ್ಟವು ಮೆದುವಾಗಿ ಉಳಿಯುವ ಮಾತೇ ಇರಲಿಲ್ಲ. 11ನೆಯ ಈಡಿಗೆ ಸಿಲಿಂಡರ್ ಕೈಯಿಂದ ತಿರುಗಿಸಬೇಕಾಯಿತು, 13ನೆಯದಕ್ಕೆ ಕುದುರೆ (ಕೇಪಿಗೆ ಹೊಡೆಯುವ ಸುತ್ತಿಗೆ) ಎಳೆಯಲು ಬರಲೇ ಇಲ್ಲ. ಅದಕ್ಕಿಂತ ದೊಡ್ಡ ನಷ್ಟ ಆಮೇಲಾದದ್ದು. ತಣ್ಣಗಿನ ಕಬ್ಬಿಣವನ್ನು ತಂದು ಬೆಚ್ಚಗಿನ ಮನೆಯೊಳಗೆ ಇಟ್ಟೆ, ಅದರ ಮೈಯೆಲ್ಲ ಬೆವರಿತು, ಊಟ ಮಾಡಿ ತೊಳೆಯೋಣವೆಂದುಕೊಂಡವನು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಸಿಲಿಂಡರಿನ ಮುಖದ ಮೇಲೆ ಕಿತ್ತಳೆ ಬಣ್ಣದ ತುಕ್ಕು. ಫೋನಿನಲ್ಲಿ ಅಪ್ಪಯ್ಯನಿಗೆ ಹೇಳಿದಾಗ, “ಮದ್ದಿನ ಕೋವಿ ತೊಳೀದೆ ಮಲಗಿದ್ಯಾ? ಬಿಸಿನೀರು ಕಾಯ್ಸೋಕೆ ಅಲ್ಲಿ ಒಲೆ ಇಲ್ವೇನೋ ಮಾರಾಯ?” ಎಂದಷ್ಟೇ ಕೇಳಿ ಅಡಕೆ ಧಾರಣೆಯ ವಿಷಯಕ್ಕೆ ಹೋದರು.

ಅಂದು ಸಂಜೆ ಒಂದು ತೀರ್ಮಾನಕ್ಕೆ ಬಂದೆ. ಹಗಲಿನ ಉಷ್ಣಾಂಶ 10 ಡಿಗ್ರಿ ದಾಟಿ, ಕೈಗವಸಿಲ್ಲದೆ ಎರಡು ಗಂಟೆ ನಿಲ್ಲಲು ಸಾಧ್ಯವಾಗುವವರೆಗೆ ಒಂದು ಈಡನ್ನೂ ಹೊಡೆಯಬಾರದು, ಅಲ್ಲಿಯವರೆಗೆ ಮೇಜಿನ ಮೇಲಿನ ಕೆಲಸವನ್ನೆಲ್ಲ ಮುಗಿಸಬೇಕು. ರೇಂಜಿನ ಹಿರಿಯರು ಇದನ್ನು ಕೇಳಿ ನಕ್ಕರು. ಇಲ್ಲಿ ಹುಟ್ಟಿದವರು ಹಿಮದ ಮೇಲೆ ಕುರ್ಚಿ ಹಾಕಿಕೊಂಡು ಮೀನು ಹಿಡಿಯುವವರು, ಅವರಿಗೆ ನನ್ನ ಮಾತು ಚಳಿಗೆ ಹೆದರಿದವನ ನೆಪದಂತೆ ಕೇಳಿಸಿರಬೇಕು. ನನ್ನ ಲೆಕ್ಕ ಬೇರೆಯಿತ್ತು. ಕೊರೆಯುವ ಚಳಿಯಲ್ಲಿ ಯಾವ ಜಿಡ್ಡೂ ಸೋಲುತ್ತದೆ, ಜೂನ್ ತಿಂಗಳ ತೇವದ ಸೆಕೆಯಲ್ಲಿ ಯಾವ ಜಿಡ್ಡೂ ಗೆಲ್ಲುತ್ತದೆ. ಎರಡು ಜಿಡ್ಡುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದು ನಡುವಿನ ತಂಪಿನಲ್ಲಿ ಮಾತ್ರ.

ಮೊದಲು ಅಳತೆಗೆ ಕುಳಿತೆ. ಸೀಸದ ಗುಂಡನ್ನು ನಳಿಗೆಯಲ್ಲಿ ತೂರಿಸಿ ಅಳೆದರೆ ಗೆರೆಗಳ ಆಳದಲ್ಲಿ ಸುಮಾರು .452 ಇಂಚು, ಆದರೆ ಸಿಲಿಂಡರಿನಲ್ಲಿ ಮದ್ದು, ಗುಂಡು ತುಂಬುವ ಆರು ತೂತುಗಳಾದ ಚೇಂಬರುಗಳ ಬಾಯಿ .446ರ ಆಸುಪಾಸು. ಅಂದರೆ .454ರ ಗುಂಡು ಚೇಂಬರಿನೊಳಗೆ ಇಳಿಯುವಾಗಲೇ ಸಣ್ಣದಾಗಿ, ನಳಿಗೆಯಲ್ಲಿ ಸಡಿಲವಾಗಿ ಓಡುತ್ತಿತ್ತು. ಚೇಂಬರುಗಳನ್ನು .450ಕ್ಕೆ ಹಿಗ್ಗಿಸಲು ಪರಿಚಯದ ಯಂತ್ರಗೆಲಸದವನೊಬ್ಬನಿಗೆ 40 ಡಾಲರ್ ಕೊಟ್ಟೆ. ಅವನು ಐದನ್ನು ಸರಿಯಾಗಿಯೇ ಮಾಡಿ ಆರನೆಯದನ್ನು .455 ಮಾಡಿಟ್ಟ. ಗುಂಡು ಇಳಿಸುವಾಗ ಸೀಸದ ಉಂಗುರ ಕೆತ್ತಿ ಬರದ, ಅಂದರೆ ಗುಂಡು ಬಿಗಿಯಾಗಿ ಕೂರದ ಚೇಂಬರಿನಲ್ಲಿ ಪಕ್ಕದ ಕಿಡಿ ನುಗ್ಗಿ ಎರಡು ಮೂರು ಒಟ್ಟಿಗೆ ಹಾರುವ ಅಪಾಯವಿರುವುದರಿಂದ ಆ ಸಿಲಿಂಡರ್ ಈಗ ನನ್ನ ಮೇಜಿನ ಮೇಲೆ ಪೆನ್ನು ನಿಲ್ಲಿಸುವ ಕೆಲಸ ಮಾಡುತ್ತಿದೆ. ಹೊಸ ಸಿಲಿಂಡರಿಗೆ 90, ಬೇರೊಬ್ಬನ ಕೂಲಿ 60. ಅವನು ನಿಧಾನದ ಮನುಷ್ಯ. ಮೂರು ವಾರ ತೆಗೆದುಕೊಂಡ, ಆದರೆ ಆರೂ ಒಂದೇ ಅಳತೆ ಬಂದವು. ಇದೇ ಸಮಯದಲ್ಲಿ ಕೇಪು ಕೂರುವ ಸಣ್ಣ ಕೊಳವೆಗಳಾದ ನಿಪ್ಪಲ್‌ಗಳನ್ನೂ ಬದಲಾಯಿಸಿದೆ, ಸುಮಾರು 35 ಡಾಲರ್. ಹಳೆಯವುಗಳ ಮೇಲೆ 11ನೆಯ ನಂಬರಿನ ಕೇಪು ಸಡಿಲವಾಗಿ ಕೂರುತ್ತಿತ್ತು, ಅದನ್ನು ಬೆರಳಿನಲ್ಲಿ ಹಿಚುಕಿ ಹಾಕುವುದು ನನಗೆ ಎಂದೂ ಸರಿಬಂದಿಲ್ಲ.

ಇನ್ನು ಜಿಡ್ಡಿನ ವಿಷಯ. ಚಳಿಗಾಲದ ಮುಕ್ಕಾಲು ಪಾಲು ಇದಕ್ಕೇ ಹೋಯಿತು. ಕಾರಿನ ಗ್ರೀಸನ್ನು ಡಿಸೆಂಬರಿನಲ್ಲಿಯೇ, ಸಿಲಿಂಡರ್ ಸುತ್ತುವ ಅಚ್ಚಿನ ಕಡ್ಡಿಗೆ ಬಳಿದು ನೋಡಿದ್ದೆ, ಕಪ್ಪುಮದ್ದಿನ ಜೊತೆ ಸೇರಿ ಅದು ಟಾರಿನಂತಾಯಿತು. ಪೆಟ್ರೋಲಿಯಂ ಮೂಲದ್ದನ್ನು ಅಂದಿಗೆ ಬಿಟ್ಟೆ. ಒಂದು ಕಬ್ಬಿಣದ ಪಟ್ಟಿಯ ಮೇಲೆ ಬೇರೆಬೇರೆ ಮಿಶ್ರಣಗಳ ಉಂಡೆಗಳನ್ನು ಸಾಲಾಗಿ ಅಂಟಿಸಿ, ಒಂದು ದಿನ ಫ್ರಿಜ್ಜಿನಲ್ಲಿ, ಒಂದು ದಿನ ಫ್ರೀಜರಿನಲ್ಲಿ, ಒಂದು ದಿನ ಗ್ಯಾರೇಜಿನಲ್ಲಿ ಇಟ್ಟು, ಉಗುರು ಒತ್ತಿ ನೋಡುವುದೇ ನನ್ನ ಪ್ರಯೋಗಶಾಲೆ. ಜೇನುಮೇಣದ ಜೊತೆ ಕೊಬ್ಬರಿ ಎಣ್ಣೆ ಸೇರಿಸಿದ್ದು ಫ್ರಿಜ್ಜಿನಲ್ಲಿ ಕಲ್ಲಾಯಿತು, ಒಲೆಯ ಪಕ್ಕದಲ್ಲಿ ನೀರಾಯಿತು. ನಮ್ಮೂರಿನ ತಲೆಗೆ ಒಳ್ಳೆಯದು, ಈ ಊರಿನ ಸಿಲಿಂಡರಿಗಲ್ಲ. ಶಿರಸಿಯ ನೆಂಟರು ಹಿಮ್ಮಡಿ ಒಡಕಿಗೆಂದು ಕಳಿಸಿದ್ದ ಮುರುಗಲು ತುಪ್ಪದ ಮೇಲೆ ಬಹಳ ಭರವಸೆ ಇಟ್ಟಿದ್ದೆ, ಅದು ಕೊಬ್ಬರಿ ಎಣ್ಣೆಗಿಂತಲೂ ಗಟ್ಟಿ. ಉಪ್ಪಿಲ್ಲದ ಮನೆತುಪ್ಪದಲ್ಲಿ ನೆನೆಸಿದ ಬಿಲ್ಲೆಗಳು ತಕ್ಕಮಟ್ಟಿಗೆ ಚೆನ್ನಾಗಿದ್ದವು. ಅವುಗಳಲ್ಲಿ ಅರವತ್ತನ್ನು ಗ್ಯಾರೇಜಿನ ಇಲಿಗಳು ಒಂದೇ ರಾತ್ರಿಯಲ್ಲಿ ತಿಂದು, ಉಣ್ಣೆಯನ್ನು ಗೂಡಿಗೆ ಒಯ್ದವು. ಹಲಾಲ್ ಅಂಗಡಿಯಿಂದ ಕುರಿಕೊಬ್ಬು ತಂದು ಕಾಯಿಸಿದ ದಿನ ನನ್ನ ಹೆಂಡತಿ ಆ ಪಾತ್ರೆಯನ್ನೂ ನನ್ನನ್ನೂ ಒಟ್ಟಿಗೆ ಹೊರಗೆ ಹಾಕಿದಳು, ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿತ್ತು. ಕೊನೆಗೆ ನಿಂತದ್ದು ಜೇನುಮೇಣ, ಕುರಿಕೊಬ್ಬು ಮತ್ತು ಹರಳೆಣ್ಣೆಯ ಮಿಶ್ರಣ. ಹರಳೆಣ್ಣೆ ಸೇರಿದ ಮೇಲೆ ಫ್ರಿಜ್ಜಿನೊಳಗಿನ ಉಂಡೆಯೂ ಬೆಣ್ಣೆಯಂತೆ ಉಗುರಿಗೆ ದಾರಿ ಬಿಟ್ಟಿತು. ಮೂರರ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ; ಮೇಣ ಅರ್ಧಕ್ಕಿಂತ ಕಡಿಮೆ, ಹರಳೆಣ್ಣೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು ಎನ್ನುವಷ್ಟು ಹೇಳಿದರೆ ಉಳಿದದ್ದನ್ನು ಎರಡು ಸಂಜೆಗಳಲ್ಲಿ ಯಾರಾದರೂ ಕಂಡುಕೊಳ್ಳಬಹುದು.

ಬಿಲ್ಲೆ ಎಷ್ಟೇ ಒಳ್ಳೆಯದಾದರೂ ಈ ವಿನ್ಯಾಸದಲ್ಲಿ ಸಿಲಿಂಡರ್ ಕಚ್ಚಿಕೊಳ್ಳುವುದು ನಡುವಿನ ಅಚ್ಚಿನ ಕಡ್ಡಿಯ ಮೇಲೆ. ನಳಿಗೆ ಮತ್ತು ಸಿಲಿಂಡರಿನ ನಡುವಿನ ಸಂದಿಯಿಂದ ಹಾರುವ ಕಿಟ್ಟ ನೇರವಾಗಿ ಕಡ್ಡಿಯ ಬುಡಕ್ಕೆ ನುಗ್ಗುತ್ತದೆ, ಅದನ್ನು ತಡೆಯಲು ಸಿಲಿಂಡರಿನ ಮುಖದಲ್ಲಿ ಬಳೆಯೊಂದಿಲ್ಲ. ಕೋಲ್ಟ್ ಮಾದರಿಗಳಲ್ಲಿ ಕಡ್ಡಿಯ ಮೇಲೆ ಜಿಡ್ಡು ನಿಲ್ಲಲು ಗೀರುಗಳಿರುವುದನ್ನು ನೋಡಿದವರಿಗೆ ನಾನು ಏನು ಮಾಡಿರಬಹುದೆಂದು ಹೊಳೆಯುತ್ತದೆ. ಗೀರುಗಳು ಎಷ್ಟು, ಯಾವ ಕಡೆಗೆ ಓರೆ ಎಂಬುದು ನನ್ನ ಹತ್ತಿರವೇ ಇರಲಿ.

ಫೆಬ್ರವರಿ ಕೊನೆಯಲ್ಲಿ ಎರಡು ದಿನ ಬಿಸಿಲು ಬಂದು 7 ಡಿಗ್ರಿ ಆದಾಗ ಮನಸ್ಸು ಬಹಳ ಎಳೆಯಿತು. ಹೋಗಲಿಲ್ಲ. ಗ್ಯಾರೇಜಿನಲ್ಲಿ ನಿಪ್ಪಲ್‌ಗಳಿಗೆ ಮೀನಿನ ತೊಟ್ಟಿಯ ರಬ್ಬರ್ ಕೊಳವೆಯ ತುಂಡುಗಳನ್ನು ತೊಡಿಸಿ, ಖಾಲಿ ಕುದುರೆ ಬಿಟ್ಟು ಕೈಯನ್ನು ಪಳಗಿಸಿಕೊಂಡೆ. ದಿನಕ್ಕೆ ಐವತ್ತರಂತೆ ಎರಡು ತಿಂಗಳು. ಸರಿಯಾಗಿ ಗುರಿ ಹಿಡಿಯಲು ಕಲಿತದ್ದು ಒಂದು ಹರಳು ಮದ್ದೂ ಖರ್ಚಾಗದ ಈ ದಿನಗಳಲ್ಲಿಯೇ ಎಂದು ಈಗ ಅನ್ನಿಸುತ್ತದೆ. ಮಾರ್ಚ್ ಪೂರ್ತಿ ಕೆಸರು. ಮಿನ್ನೆಟೊಂಕಾ ಸರೋವರದ ಹಿಮ ಸಾಮಾನ್ಯವಾಗಿ ಏಪ್ರಿಲ್ ನಡುವಿನಲ್ಲಿ ಬಿಟ್ಟುಕೊಳ್ಳುತ್ತದೆ, ಅದನ್ನೇ ನನ್ನ ಪಂಚಾಂಗ ಮಾಡಿಕೊಂಡಿದ್ದೆ.

ಆ ಶನಿವಾರ 13 ಡಿಗ್ರಿ, ಗಾಳಿ ಕಡಿಮೆ, ಗಾಳಿಯಲ್ಲಿ ತೇವವೂ ಕಡಿಮೆ. ಕಿಟ್ಟಕ್ಕೆ ಹೇಳಿ ಮಾಡಿಸಿದ ದಿನ. ಬೆಳಿಗ್ಗೆ ಅಂಗಡಿಯ ಬಿಲ್ಲೆಗಳನ್ನೇ ಹಾಕಿ, ಕಡ್ಡಿಗೆ ಬರೀ ಎಣ್ಣೆ ಸವರಿ ಹೊಡೆದೆ. ಎಲ್ಲದಕ್ಕೂ ಮೂರು ಎಫ್ ಎಂಬ ಸಣ್ಣ ಹರಳಿನ ಮದ್ದು 25 ಗ್ರೇನ್ (ಒಂದು ಪೌಂಡಿಗೆ 7,000 ಗ್ರೇನ್), .454ರ ಗುಂಡು, 25 ಗಜ ದೂರ. 17ನೆಯ ಈಡಿಗೆ ಸಿಲಿಂಡರ್ ನಿಂತಿತು. ಹಿರಿಯರಲ್ಲೊಬ್ಬರು ಗಡಿಯಾರ ನೋಡಿದಂತೆ ನೋಡಿ ತಲೆಯಾಡಿಸಿದರು. ಅಲ್ಲಿಯೇ ಪೂರ್ತಿ ಬಿಚ್ಚಿ, ಫ್ಲಾಸ್ಕಿನಲ್ಲಿ ತಂದಿದ್ದ ಬಿಸಿನೀರಿನಿಂದ ತೊಳೆದು, ಒಣಗಿಸಿ, ನನ್ನ ಬಿಲ್ಲೆ, ನನ್ನ ಜಿಡ್ಡು, ಗೀರು ಹಾಕಿದ ಕಡ್ಡಿ ಸೇರಿಸಿ ಮತ್ತೆ ಶುರುಮಾಡಿದೆ. 18 ದಾಟಿತು, 24ಕ್ಕೆ ಕುದುರೆ ಎಳೆಯುವಾಗ ಸ್ವಲ್ಪ ಭಾರವೆನಿಸಿತು, 30ಕ್ಕೆ ಅದು ತಾನಾಗಿಯೇ ಹಗುರವಾಯಿತು, ಬಹುಶಃ ಕಡ್ಡಿ ಬಿಸಿಯಾಗಿ ಜಿಡ್ಡು ಹರಿದಿರಬೇಕು. 36 ಆದ ಮೇಲೆ ಎಣಿಸುವ ಕೆಲಸವನ್ನು ಹಿರಿಯರೇ ವಹಿಸಿಕೊಂಡರು. 48ರಲ್ಲಿ ಒಂದು ಕೇಪು ಮಾತ್ರ ಎರಡನೆಯ ಪೆಟ್ಟಿಗೆ ಹೊತ್ತಿಕೊಂಡಿತು.

ಗುರಿಯ ವಿಷಯ ಹೇಳುವುದಾದರೆ, ಗುಂಡುಗಳೆಲ್ಲ ಸುಮಾರು 4 ಇಂಚು ಕೆಳಗೆ ಬೀಳುತ್ತಿದ್ದವು, ಆದರೆ ಒತ್ತಾಗಿ ಬೀಳುತ್ತಿದ್ದವು. ಡಿಸೆಂಬರಿನಲ್ಲಿ ಆರು ಗುಂಡುಗಳು 7 ಇಂಚಿನಲ್ಲಿ ಚದುರಿದ್ದವು, ಈಗ ಒಳ್ಳೆಯ ಸುತ್ತುಗಳಲ್ಲಿ ಎರಡೂವರೆ, ಕೆಟ್ಟದ್ದರಲ್ಲಿ ನಾಲ್ಕು. ಮುಂದಿನ ಗುರಿಮೊನೆಯನ್ನು ಅರದಿಂದ 1 ಮಿ.ಮೀ.ಗಿಂತ ತುಸು ಹೆಚ್ಚು ಇಳಿಸಿದ ಮೇಲೆ ಅದೂ ಸರಿಹೋಯಿತು. ಅರ ಹಾಕುವವರು ಎರಡು ಉಜ್ಜಿಗೊಮ್ಮೆ ಹೊಡೆದು ನೋಡಬೇಕು, ಇಳಿಸಿದ್ದನ್ನು ಮತ್ತೆ ಏರಿಸಲು ಬರುವುದಿಲ್ಲ. ವೇಗ ಅಳೆಯುವ ಯಂತ್ರವನ್ನು ಮೊದಲು ತೀರ ಹತ್ತಿರವಿಟ್ಟದ್ದರಿಂದ ಅದು ಹೊಗೆಯ ವೇಗವನ್ನೋ ಬಿಲ್ಲೆಯ ವೇಗವನ್ನೋ ಓದುತ್ತಿತ್ತು. ಐದು ಗಜ ಮುಂದಕ್ಕೆ ಸರಿಸಿದ ಮೇಲೆ ಸೆಕೆಂಡಿಗೆ 800 ಅಡಿಯ ಆಸುಪಾಸು ತೋರಿಸಿತು.

ಮೇ ತಿಂಗಳಲ್ಲಿ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಇಲ್ಲಿಯವರು ಮದ್ದನ್ನು ಕಡಿಮೆ ಮಾಡಿ, ಗುಂಡು ಚೇಂಬರಿನ ಬಾಯಿಯ ಹತ್ತಿರ ಕೂರಲೆಂದು ನಡುವೆ ಗೋಧಿಯ ತರಿ ತುಂಬುತ್ತಾರೆ. ಅದು ನಮ್ಮ ಉಪ್ಪಿಟ್ಟಿನ ರವೆಯೇ. 20 ಗ್ರೇನ್ ಮದ್ದು, ಅದರ ಮೇಲೆ ರವೆ ಹಾಕಿ ಹೊಡೆದಾಗ ಗುಂಡುಗಳು ಇನ್ನೂ ಅರ್ಧ ಇಂಚು ಒತ್ತಾದವು. ಆದರೆ ಬಾರು ಮಾಡಲು ಹಿಡಿಯುವ ಸಮಯ ಇಮ್ಮಡಿಯಾಯಿತು, ಬಿಲ್ಲೆಗೂ ಜಾಗ ಸಾಲದೆ 30ಕ್ಕೆ ಸಿಲಿಂಡರ್ ಬಿಗಿಯತೊಡಗಿತು. ಸ್ಪರ್ಧೆಗೆ ಸರಿ, ನನ್ನ ಹಠಕ್ಕೆ ಸರಿಯಲ್ಲ.

ಹಣದ ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ರಿವಾಲ್ವರ್ 310, ಸಿಲಿಂಡರಿನ ಅನಾಹುತ ಮತ್ತು ಕೂಲಿ ಸೇರಿ 190, ನಿಪ್ಪಲ್ 35, ಎರಡು ಪೌಂಡ್ ಮದ್ದು 60, ಕೇಪು 60, ಗುಂಡು 55, ಉಣ್ಣೆ ಮತ್ತು ಬಿಲ್ಲೆ ಕತ್ತರಿಸುವ ಉಳಿ 30, ಮೇಣ ಎಣ್ಣೆ ಕೊಬ್ಬು 25. ಒಟ್ಟು 765 ಡಾಲರಿನ ಹತ್ತಿರ, ಇಲಿಗಳು ತಿಂದ ತುಪ್ಪ ಬಿಟ್ಟು. 25 ಗ್ರೇನಿನಂತೆ ಒಂದು ಪೌಂಡಿಗೆ 280 ಈಡು ಬರುತ್ತವೆ, ಆದ್ದರಿಂದ ಮದ್ದಿನ ಖರ್ಚು ಮುಖ್ಯವಲ್ಲ, ಜೇಬು ಸುಡುವುದು ಕೇಪು.

48 ಈಡು ಹೊಡೆದ ಆ ಶನಿವಾರ ಸಂಜೆ ಹಿರಿಯರಿಬ್ಬರೂ ಒಂದೊಂದು ಡಬ್ಬಿ ಜಿಡ್ಡು ಕೇಳಿದರು, ಕೊಟ್ಟೆ. ಪ್ರಮಾಣ ಕೇಳಿದರು, ಕೊಡಲಿಲ್ಲ. ಮನೆಗೆ ಬಂದವನು ಊಟಕ್ಕೆ ಕೂರುವ ಮೊದಲೇ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಲು ಇಟ್ಟೆ. ಅದೇ ಕುರಿಕೊಬ್ಬಿನ ಪಾತ್ರೆ, ಈಗ ಅದಕ್ಕೆ ಗ್ಯಾರೇಜಿನಲ್ಲಿಯೇ ಜಾಗ. ಜುಲೈ ಸೆಕೆಯಲ್ಲಿ ಈ ಮಿಶ್ರಣ ಕರಗಿ ಮದ್ದಿಗೆ ಇಳಿಯುತ್ತದೆಯೋ ಇಲ್ಲವೋ ನೋಡಲು ಹತ್ತು ಬಿಲ್ಲೆಗಳನ್ನು ಒಂದು ಕಾಗದದ ಮೇಲೆ ಹರಡಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದೇನೆ. ಮೂರು ದಿನವಾಯಿತು, ಕಾಗದಕ್ಕೆ ಇನ್ನೂ ಜಿಡ್ಡಿನ ಕಲೆ ಹತ್ತಿಲ್ಲ.