ಎಲೆ ಮುದುಡುವ ಮೊದಲೇ ಚೆರ್ರಿ ಹೇನನ್ನು ಹಿಡಿಯುವುದು: ನನ್ನ ಅನುಭವ

ಚೆರ್ರಿ ಎಲೆ ಸುರುಳಿ ಸುತ್ತಿಕೊಂಡ ಮೇಲೆ ಹೇನಿಗೆ (ಗಿಡದ ರಸ ಹೀರುವ ಸಸ್ಯಹೇನು) ಔಷಧಿ ಹೊಡೆದರೆ ಹೆಚ್ಚು ಫಲವಿಲ್ಲ. ಹೇನುಗಳೆಲ್ಲ ಎಲೆಯ ಕೆಳಮೈಯಲ್ಲಿ, ಸುರುಳಿಯ ಒಳಗಿರುತ್ತವೆ. ಸಿಂಪಡಿಸಿದ್ದು ಹೊರಗೇ ಜಾರಿ ಹೋಗುತ್ತದೆ. ಹಾಗಾಗಿ ನಾನು ಹುಡುಕಾಟ ಶುರು ಮಾಡುವುದು ಎಲೆಯಿಲ್ಲದ ಚಳಿಗಾಲದಲ್ಲಿ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಹೋದ ವರ್ಷ ಬೆಳೆದ ಕುಡಿಗಳಲ್ಲಿ ಮೊಗ್ಗಿನ ಬುಡ, ತೊಗಟೆಯ ಸೀಳು, ಗಿಡ್ಡ ಹಣ್ಣುರೆಂಬೆಗಳ ಸಂದು ನೋಡುತ್ತೇನೆ. ಒಂದು ಮಿಲಿಮೀಟರಿಗೂ ಚಿಕ್ಕದಾದ, ಉದ್ದುರುಟಾದ, ಮಿರುಗುವ ಕಪ್ಪು ಮೊಟ್ಟೆ ಕಂಡರೆ ಆ ರೆಂಬೆಗೆ ದಾರ ಕಟ್ಟಿ ಗುರುತು ಇಡುತ್ತೇನೆ. ಸುಕ್ಕಾಗಿ ಮಂಕಾದವು ಸತ್ತವು, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಮೊಗ್ಗು ಉಬ್ಬಿ ಒಡೆಯುವ ಹೊತ್ತಿಗೆ ಮೊಟ್ಟೆಯೂ ಒಡೆಯುತ್ತದೆ. ಹೊರಬಂದ ಮರಿ ಬೆಳೆದು ಗಂಡಿನ ನೆರವಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಅವೂ ಹೆಣ್ಣೇ, ಅವೂ ಹಾಗೆಯೇ. ಕೆಲವೇ ವಾರಗಳಲ್ಲಿ ಕುಡಿಯ ತುದಿ ಕಪ್ಪಾಗುವುದು ಇದರಿಂದಲೇ.

ಸಿಹಿ ಚೆರ್ರಿ, ಹುಳಿ ಚೆರ್ರಿಗಳ ಮುಖ್ಯ ಹೇನು ಮೈಜಸ್ ಸೆರಾಸಿ. 1775ರಲ್ಲಿ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ವಿವರಿಸಿದ ಜಾತಿ ಇದು. ಬಲಿತ ರೆಕ್ಕೆಯಿಲ್ಲದ ಹೇನು ಸುಮಾರು 2 ಮಿ.ಮೀ., ಬೆನ್ನು ಗಟ್ಟಿಯಾಗಿ ಹೊಳೆಯುವ ಕಪ್ಪು, ಹಿಂಬದಿಯ ಎರಡು ಕೊಳವೆಗಳೂ ಕಪ್ಪು, ಕಾಲುಗಳಲ್ಲಿ ಹಳದಿ-ಕಪ್ಪು ಬೆರಕೆ. ಸಿಹಿ ಚೆರ್ರಿಯಲ್ಲಿ ಎಲೆ ಬಿಗಿಯಾಗಿ ಸುತ್ತುತ್ತದೆ. ಹುಳಿ ಚೆರ್ರಿಯಲ್ಲಿ ಮುದುಡುವುದು ಕಡಿಮೆ. ಮರಿಗಳನ್ನು ನೋಡಿ ಜಾತಿ ಹೇಳಹೋಗಬೇಡಿ, ಬಲಿತವೇ ಬೇಕು. ಮಾದರಿಯನ್ನು 70% ಆಲ್ಕೋಹಾಲಿನಲ್ಲಿ ಇಡುತ್ತೇನೆ, ಆದರೆ ಅದರಲ್ಲಿ ಬಣ್ಣ ಕೆಡುತ್ತದೆ. ಜೀವಂತ ಇರುವಾಗಲೇ ಫೋಟೋ ತೆಗೆದು, ಯಾವ ಗಿಡ, ಎಲೆಯ ಯಾವ ಮೈ, ಯಾವ ದಿನ ಎಂದು ಬರೆದಿಡಬೇಕು. ಗಿಡದ ಹೆಸರಿಲ್ಲದ ಮಾದರಿಗೆ ಅರ್ಧ ಬೆಲೆಯೂ ಇಲ್ಲ.

ಏಕೆಂದರೆ ಚೆರ್ರಿಯ ನೆಂಟರ ಮೇಲೆ ಬೇರೆ ಹೇನುಗಳಿವೆ. ಯುರೋಪಿನ ಕಾಡು ಮರ ಪ್ರೂನಸ್ ಪೇಡಸ್ ಮೇಲೆ ರೋಪಲೋಸೈಫಮ್ ಪಾಡಿ ಇರುತ್ತದೆ: ಹಸಿರು-ಕಂದು ಮೈ, ಕೊಳವೆಗಳ ಬುಡದಲ್ಲಿ ತುಕ್ಕಿನ ಬಣ್ಣ. ಬೇಸಿಗೆಯಲ್ಲಿ ಅದು ಹುಲ್ಲು, ಗೋಧಿ, ಬಾರ್ಲಿಗೆ ಹೋಗಿ ಬಾರ್ಲಿಯ ಹಳದಿ ಕುಬ್ಜ ವೈರಸ್ಸನ್ನು ಹರಡುತ್ತದೆ. ಪೂರ್ವ ಏಷ್ಯಾದ ಹೂಚೆರ್ರಿಗಳ ಎಲೆಯಲ್ಲಿ ಗಂಟು ಎಬ್ಬಿಸುವವು ಟ್ಯೂಬೆರೊಸೆಫಾಲಸ್ ಕುಲದವು. ಅಲ್ಲಿಂದ ಅವು ಆರ್ಟಿಮೀಸಿಯಾ ಗಿಡಗಳಿಗೆ ವಲಸೆ ಹೋಗುತ್ತವೆ. ಮೈಜಸ್ ಸೆರಾಸಿ ಯುರೋಪ್, ಏಷ್ಯಾಗಳಲ್ಲದೆ ಉತ್ತರ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲೂ ಇದೆ. ಹೊಸ ಸಸಿ ನೆಡುವ ಮೊದಲು ಪ್ರತಿ ಮೊಗ್ಗಿನ ಬುಡವನ್ನೂ ನೋಡುವುದು ಅದಕ್ಕೇ.

ಉತ್ತರ ಗೋಳಾರ್ಧದಲ್ಲಿ ಜೂನ್-ಜುಲೈ ಹೊತ್ತಿಗೆ ರೆಕ್ಕೆ ಬಂದವು ಗೇಲಿಯಂ, ವೆರೋನಿಕಾದಂಥ ಕಳೆಗಳಿಗೆ ಹಾರುತ್ತವೆ. ಇದನ್ನು ಕಣ್ಣಾರೆ ಖಚಿತಪಡಿಸಿಕೊಳ್ಳಲು ಮುದುಡಿದ ಎಲೆಗಳನ್ನು ಬಟ್ಟೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಹೊರಬಂದ ರೆಕ್ಕೆಯವನ್ನು ಒದ್ದೆ ಕುಂಚದ ತುದಿಯಿಂದ ಎತ್ತಿ, ಬಲೆ ಹೊದಿಸಿದ ಕುಂಡದ ಗೇಲಿಯಂ ಮೇಲೆ ಬಿಡುತ್ತೇನೆ. ಡಬ್ಬಿಯ ತಳಕ್ಕೆ ಹೀರುಕಾಗದ ಹಾಕದಿದ್ದರೆ ಹಬೆಯ ಹನಿಗೆ ಅಂಟಿಯೇ ಸಾಯುತ್ತವೆ. ಕಳೆಯ ಮೇಲೆ ಮರಿ ಕಂಡರೆ ಊರಿತು ಎಂದರ್ಥ. ಈ ಕಳೆಗಳನ್ನೆಲ್ಲ ಕಿತ್ತು ಹೇನನ್ನು ನಿಲ್ಲಿಸುತ್ತೇನೆ ಎನ್ನುವುದು ಆಗದ ಮಾತು, ರೆಕ್ಕೆಯವು ದೂರದಿಂದಲೂ ಬರುತ್ತವೆ. ಶರತ್ಕಾಲದಲ್ಲಿ ಅವು ಚೆರ್ರಿಗೆ ಮರಳುತ್ತವೆ. ಗಂಡೂ ಹುಟ್ಟುವುದು ಆಗಲೇ, ಮೊಟ್ಟೆ ಇಡುವುದೂ ಆಗಲೇ.

ಮೊಟ್ಟೆ ಹೆಚ್ಚಿದ್ದರೆ ಮೊಗ್ಗು ಉಬ್ಬಿದಾಗ ಲೀಟರಿಗೆ 20 ಮಿ.ಲೀ. ತೋಟಗಾರಿಕೆಯ ಖನಿಜ ಎಣ್ಣೆ ಬೆರೆಸಿ, ರೆಂಬೆಯ ಎಲ್ಲ ಬದಿಯೂ ತೊಯ್ಯುವಂತೆ ಹೊಡೆಯುತ್ತೇನೆ. ಒಡೆಯುವ ಹತ್ತಿರಕ್ಕೆ ಬಂದ ಮೊಟ್ಟೆ ಹೆಚ್ಚು ಉಸಿರಾಡುತ್ತದೆ, ಎಣ್ಣೆಯ ಪದರಕ್ಕೆ ಆಗ ಅದು ಉಸಿರುಗಟ್ಟುತ್ತದೆ. ಹಿಮ ಬೀಳುವ ರಾತ್ರಿಯ ಮುಂಚೆ ಬೇಡ. ಗಂಧಕ ಅಥವಾ ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕದ ಜೊತೆಗೂ, ಅವುಗಳ ಹಿಂದುಮುಂದೆಯೂ ಬೇಡ, ಚಿಗುರು ಸುಡುತ್ತದೆ. ಹೂ ಬಿಟ್ಟಾಗ ಜೇನ್ನೊಣ ಕೊಲ್ಲುವ ಯಾವ ಕೀಟನಾಶಕವನ್ನೂ ಮುಟ್ಟುವುದಿಲ್ಲ.

ಆಮೇಲೆ ಇರುವೆಗಳ ಕೆಲಸ. ಹೇನಿನ ಸಿಹಿ ಅಂಟಿಗೆ ಬರುವ ಅವು ಹೇನು ತಿನ್ನುವ ಗುಲಗಂಜಿ ಹುಳು, ಸಿರ್ಫಿಡ್ ನೊಣದ ಮರಿಗಳನ್ನು ಓಡಿಸುತ್ತವೆ. ಕಾಂಡಕ್ಕೆ ಪಟ್ಟಿ ಸುತ್ತಿ ಅದರ ಮೇಲೆ ಅಂಟು ಬಳಿಯುತ್ತೇನೆ. ಎಳೆ ತೊಗಟೆಗೆ ನೇರವಾಗಿ ಬಳಿದರೆ ತೊಗಟೆ ಕೆಡುತ್ತದೆ. ನೆಲಕ್ಕೆ ತಾಗುವ ರೆಂಬೆ, ಆನಿಕೆ ಕೋಲು, ಎತ್ತರದ ಹುಲ್ಲು ಇದ್ದರೆ ಇರುವೆಗೆ ಅದೇ ಸೇತುವೆ. ಬುಡದಿಂದ ಏಳುವ ಚಿಗುರುಗಳನ್ನು ಕತ್ತರಿಸುತ್ತೇನೆ, ವಲಸೆ ಹೋಗದೆ ಉಳಿದ ಹೇನುಗಳು ಬೇಸಿಗೆಯಲ್ಲಿ ಕೂರುವುದು ಹೆಚ್ಚಾಗಿ ಅಲ್ಲೇ. ಮುದುಡಿದ ಎಲೆ ಬಿಚ್ಚಿದಾಗ ಉಬ್ಬಿ ಒಣಗಿದ ಕಂದು ಹೇನುಗಳು ಕಂಡರೆ, ಅವುಗಳೊಳಗೆ ಪರಾವಲಂಬಿ ಕಣಜ ಬೆಳೆಯುತ್ತಿದೆ. ಆ ಕುಡಿಯನ್ನು ಕತ್ತರಿಸದೆ ಬಿಡುತ್ತೇನೆ.