ಮುಟ್ಟಿನ ಅತಿಸ್ರಾವಕ್ಕೆ ಗರ್ಭನಿರೋಧಕ ಹಾರ್ಮೋನು: ಬಳಸುವ ಬಗೆ

ಮುಟ್ಟಿನ ಅತಿಸ್ರಾವಕ್ಕೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯ ಮೇಲೆ ‘ಗರ್ಭನಿರೋಧಕ’ ಎಂಬ ಪದವನ್ನು ಓದಿದ ಕೂಡಲೇ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಅಲ್ಲಿಗೇ ನಿಂತುಹೋಗುತ್ತದೆ. ಮದುವೆಯಾಗದ ಮಗಳಿಗೆ ಇದನ್ನು ಹೇಗೆ ಕೊಡುವುದು ಎಂದು ತಾಯಿ ಹಿಂಜರಿಯುತ್ತಾರೆ. ‘ನನಗೆ ಆಪರೇಷನ್ ಆಗಿದೆಯಲ್ಲ, ಮತ್ತೇಕೆ ಇದು’ ಎಂದು ಎರಡು ಮಕ್ಕಳ ತಾಯಿ ಮಾತ್ರೆಯನ್ನು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಈ ಔಷಧಗಳಿಗೆ ಹೆಸರು ಬಂದಿರುವುದು ಅವುಗಳ ಒಂದು ಉಪಯೋಗದಿಂದ ಮಾತ್ರ. ಪ್ರತಿ ತಿಂಗಳೂ ಈಸ್ಟ್ರೋಜೆನ್ ಹಾರ್ಮೋನು ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ, ಅಂಡೋತ್ಪತ್ತಿಯ ನಂತರ ಬರುವ ಪ್ರೊಜೆಸ್ಟೆರಾನ್ ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ, ಎರಡೂ ಇಳಿದಾಗ ಪದರ ಕಳಚಿ ಮುಟ್ಟಾಗುತ್ತದೆ. ಹೊರಗಿನಿಂದ ಕೊಡುವ ಹಾರ್ಮೋನು ಈ ಪದರವನ್ನು ತೆಳುವಾಗಿಯೇ ಇರಿಸುತ್ತದೆ. ಕಳಚುವುದು ಕಡಿಮೆಯಾದ್ದರಿಂದ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಗರ್ಭ ನಿಲ್ಲುವ ಸಾಧ್ಯತೆಯೇ ಇಲ್ಲದವರಿಗೂ ಇದು ಇದೇ ರೀತಿಯಲ್ಲಿ ಕೆಲಸ ಮಾಡುತ್ತದೆ.

ಮೊದಲ ಹೆಜ್ಜೆ, ಸ್ರಾವ ನಿಜವಾಗಿಯೂ ಹೆಚ್ಚೇ ಎಂದು ತಿಳಿಯುವುದು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ಮಿಲಿಲೀಟರಿಗಿಂತ ಹೆಚ್ಚಾದರೆ ಅತಿಸ್ರಾವ ಎಂಬುದು ಹಳೆಯ ಲೆಕ್ಕ. ಮನೆಯಲ್ಲಿ ಯಾರೂ ಹೀಗೆ ಅಳೆಯಲಾರರಾದ್ದರಿಂದ, ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಹೋದರೆ ಅದು ಅತಿಸ್ರಾವವೇ ಎಂದು ವೈದ್ಯರು ಈಗ ಪರಿಗಣಿಸುತ್ತಾರೆ. ಗಂಟೆಗೋ ಎರಡು ಗಂಟೆಗೋ ಪ್ಯಾಡ್ ಬದಲಿಸಬೇಕಾಗುವುದು, ಬದಲಿಸಲೆಂದೇ ರಾತ್ರಿ ಏಳುವುದು, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಹೆಪ್ಪುಗಳು ಬೀಳುವುದು, ಏಳು ದಿನ ದಾಟಿದರೂ ನಿಲ್ಲದಿರುವುದು ಇದರ ಗುರುತುಗಳು. ಬಟ್ಟೆ ಬಳಸುವವರು ದಿನಕ್ಕೆ ಎಷ್ಟು ಬಟ್ಟೆ ಬದಲಿಸಿದೆವು ಎಂದು ಕ್ಯಾಲೆಂಡರಿನ ಮೇಲೆ ಗೀಟು ಹಾಕಿಡಬಹುದು. ಮುಟ್ಟಿನ ಕಪ್ ಬಳಸುವವರಿಗೆ ಕಪ್ಪಿನ ಅಳತೆಯೇ ಲೆಕ್ಕ ಹೇಳುತ್ತದೆ. ಎರಡು ತಿಂಗಳ ಇಂತಹ ಲೆಕ್ಕ ಕೈಯಲ್ಲಿದ್ದರೆ, ‘ಸ್ವಲ್ಪ ಜಾಸ್ತಿ ಹೋಗುತ್ತದೆ ಡಾಕ್ಟ್ರೇ’ ಎಂಬ ಸಂಕೋಚದ ಮಾತಿಗಿಂತ ಹೆಚ್ಚಿನದನ್ನು ಅದು ವೈದ್ಯರಿಗೆ ತಿಳಿಸುತ್ತದೆ.

ಎರಡನೆಯದು ಕಾರಣವನ್ನು ಹುಡುಕುವುದು, ಮತ್ತು ಇದನ್ನು ಬಿಟ್ಟು ನೇರವಾಗಿ ಮಾತ್ರೆಗೆ ಹೋಗಬಾರದು. ಗರ್ಭ ಪರೀಕ್ಷೆ, ಹಿಮೋಗ್ಲೋಬಿನ್, ಸಾಧ್ಯವಾದರೆ ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್, ಲಕ್ಷಣಗಳಿದ್ದರೆ ಥೈರಾಯ್ಡ್, ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಇಷ್ಟರಿಂದ ಬಹಳಷ್ಟು ತಿಳಿಯುತ್ತದೆ. ಫೈಬ್ರಾಯ್ಡ್ ಗಡ್ಡೆ, ಒಳಪದರದಿಂದ ಚಾಚಿಕೊಂಡು ಬೆಳೆಯುವ ಪಾಲಿಪ್, ಒಳಪದರವು ಗರ್ಭಕೋಶದ ಸ್ನಾಯುವಿನೊಳಗೇ ಬೆಳೆಯುವ ಅಡಿನೋಮಯೋಸಿಸ್ ಇವೆಯೇ ಎಂಬುದರ ಮೇಲೆ ಮುಂದಿನ ಆಯ್ಕೆ ನಿಂತಿದೆ. ಮೈನೆರೆದ ಮೊದಲ ಮುಟ್ಟಿನಿಂದಲೇ ವಿಪರೀತ ರಕ್ತ ಹೋಗುತ್ತಿರುವ, ಮೂಗಿನಿಂದ ಆಗಾಗ ರಕ್ತ ಸುರಿಯುವ, ಹಲ್ಲು ಕೀಳಿಸಿದಾಗ ರಕ್ತ ಬೇಗ ನಿಲ್ಲದ ಹುಡುಗಿಯರಲ್ಲಿ ರಕ್ತ ಹೆಪ್ಪುಗಟ್ಟುವುದರ ದೋಷವಿದೆಯೇ ಎಂದು ನೋಡಲೇಬೇಕು. ನಲವತ್ತು ನಲವತ್ತೈದು ದಾಟಿದವರಲ್ಲಿ ಒಳಪದರದ ಚೂರನ್ನು ತೆಗೆದು ಪರೀಕ್ಷಿಸುವ ಅಗತ್ಯ ಬರಬಹುದು. ಎರಡು ಮುಟ್ಟುಗಳ ನಡುವೆ, ಸಂಭೋಗದ ನಂತರ ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಾಣಿಸಿಕೊಂಡರೆ ಪರೀಕ್ಷೆಯಾಗುವ ತನಕ ಹಾರ್ಮೋನನ್ನು ಆರಂಭಿಸಬಾರದು, ಏಕೆಂದರೆ ಸ್ರಾವ ಕಡಿಮೆಯಾಗುವುದರಿಂದಲೇ ಕಾಯಿಲೆ ಮರೆಯಾಗಿ ಉಳಿಯಬಹುದು.

ಇಲ್ಲಿ ವಂಕಿಯ, ಅಂದರೆ ಗರ್ಭಕೋಶದೊಳಗೆ ಇಡುವ ಪುಟ್ಟ ಗರ್ಭನಿರೋಧಕ ಸಾಧನದ, ವಿಷಯವನ್ನು ಬಿಡಿಸಿ ಹೇಳಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಹಾಕುವ ಕಾಪರ್-ಟಿ ತಾಮ್ರದ ವಂಕಿ; ಅದರಲ್ಲಿ ಹಾರ್ಮೋನು ಇಲ್ಲ, ಅದು ಸ್ರಾವವನ್ನು ಹೆಚ್ಚಿಸಬಲ್ಲದು, ಹಾಗಾಗಿ ವಂಕಿ ಹಾಕಿಸಿಕೊಂಡ ಮೇಲೆ ಸ್ರಾವ ಹೆಚ್ಚಾಗಿದ್ದರೆ ಆ ಮಾತನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಹಾರ್ಮೋನು ವಂಕಿ ನೋಡಲು ಅದೇ ಆಕಾರದ್ದಾದರೂ ಮಾಡುವ ಕೆಲಸ ತದ್ವಿರುದ್ಧ. ಪ್ರೊಜೆಸ್ಟೆರಾನಿನಂತೆ ಕೆಲಸ ಮಾಡುವ ಕೃತಕ ಹಾರ್ಮೋನಾದ ಲೆವೊನಾರ್ಜೆಸ್ಟ್ರೆಲ್ 52 ಮಿಲಿಗ್ರಾಂ ತುಂಬಿದ ಈ ವಂಕಿ (ಮಿರೆನಾ ಎಂಬುದು ಹೆಚ್ಚು ಕೇಳಿಬರುವ ಹೆಸರು) ಆರಂಭದಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಷ್ಟು ಔಷಧವನ್ನು ಗರ್ಭಕೋಶದೊಳಗೇ ಬಿಡುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಹೆಚ್ಚಿನವರಲ್ಲಿ ಸ್ರಾವವನ್ನು ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇಳಿಸುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ, ಬೇರೆ ಕಾಯಿಲೆ ಕಾಣದವರಿಗೆ, 3 ಸೆಂಟಿಮೀಟರಿಗಿಂತ ಚಿಕ್ಕ ಫೈಬ್ರಾಯ್ಡ್ ಇರುವವರಿಗೆ ಮತ್ತು ಅಡಿನೋಮಯೋಸಿಸ್ ಇರುವವರಿಗೆ ಮೊದಲು ಇದನ್ನೇ ಪರಿಗಣಿಸಲು ಹೇಳುತ್ತದೆ. ಅತಿಸ್ರಾವಕ್ಕೆ ಹಾಕಿದಾಗ ಇದರ ಅವಧಿ ಐದು ವರ್ಷ. ಬೆಲೆ ಹಲವು ಸಾವಿರ ರೂಪಾಯಿ. ಆದರೂ ಐದು ವರ್ಷಗಳ ಪ್ಯಾಡು, ಮಾತ್ರೆ, ರಜೆ ಹಾಕಿ ಕಳೆದುಕೊಂಡ ಕೂಲಿ ಇವೆಲ್ಲವನ್ನೂ ಕೂಡಿಸಿ ನೋಡಿದ ಮೇಲೆಯೇ ದುಬಾರಿ ಎನ್ನುವುದು ನ್ಯಾಯ. ಇದನ್ನು ಹಾಕಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಮುಟ್ಟು ಪೂರ್ತಿ ನಿಲ್ಲುತ್ತದೆ. ಆಗ ‘ಕೆಟ್ಟ ರಕ್ತವೆಲ್ಲ ಒಳಗೇ ಉಳಿಯಿತು’ ಎಂದು ಮನೆಯ ಹಿರಿಯರು ಹೆದರಿಸುವುದುಂಟು. ಒಳಪದರವೇ ಬೆಳೆಯದಿರುವಾಗ ಒಳಗೆ ಉಳಿಯಲು ಏನೂ ಇರುವುದಿಲ್ಲ. ಮುಟ್ಟಿನ ರಕ್ತ ಕೆಟ್ಟ ರಕ್ತವೂ ಅಲ್ಲ.

ವಂಕಿ ಬೇಡವೆನ್ನುವವರಿಗೆ, ಮತ್ತು ಸಾಮಾನ್ಯವಾಗಿ ಅವಿವಾಹಿತ ಹುಡುಗಿಯರಿಗೆ, ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟೆರಾನಿನ ಕೃತಕ ರೂಪ) ಎರಡೂ ಇರುವ ಸಂಯುಕ್ತ ಮಾತ್ರೆ ಸೂಕ್ತ. ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಇದೇ ಗುಂಪಿನದು. ಅದರಲ್ಲಿ 21 ಹಾರ್ಮೋನು ಮಾತ್ರೆಗಳೂ 7 ಕಬ್ಬಿಣದ ಮಾತ್ರೆಗಳೂ ಇರುತ್ತವೆ. ಮುಟ್ಟಾದ ಮೊದಲ ಐದು ದಿನಗಳೊಳಗೆ ಆರಂಭಿಸಿ, ದಿನವೂ ಒಂದೇ ಹೊತ್ತಿಗೆ, ರಾತ್ರಿ ಊಟವಾದ ಮೇಲೆ ಎಂದು ಗೊತ್ತುಮಾಡಿಕೊಂಡು ನುಂಗಬೇಕು. ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ಅದನ್ನು ನುಂಗಿ, ಆ ದಿನದ್ದನ್ನು ಅದರ ಹೊತ್ತಿಗೇ ತೆಗೆದುಕೊಳ್ಳಬೇಕು. ಎರಡು ಅಥವಾ ಹೆಚ್ಚು ಮರೆತವರು ಕೊನೆಯದಾಗಿ ಮರೆತ ಒಂದನ್ನು ಮಾತ್ರ ನುಂಗಿ ಮುಂದುವರಿಸಬೇಕು. ಗರ್ಭ ತಡೆಯುವುದೂ ಬೇಕಾಗಿದ್ದರೆ ಏಳು ದಿನ ಕಾಂಡೋಮ್ ಬಳಸಬೇಕು. ಕಬ್ಬಿಣದ ಮಾತ್ರೆಗಳ ವಾರದಲ್ಲಿ ಬರುವ ಸ್ರಾವವು ಹಾರ್ಮೋನು ನಿಂತದ್ದರಿಂದ ಆಗುವುದೇ ಹೊರತು ಸಹಜ ಮುಟ್ಟಲ್ಲ. ಆ ವಾರದ ರಕ್ತವೂ ಹೆಚ್ಚೆನಿಸುವವರಿಗೆ, ಆ ಏಳು ಮಾತ್ರೆಗಳನ್ನು ಬಿಟ್ಟು ಎರಡು ಮೂರು ಪಟ್ಟಿಗಳ ಹಾರ್ಮೋನು ಮಾತ್ರೆಗಳನ್ನು ಸಾಲಾಗಿ ತೆಗೆದುಕೊಳ್ಳಲು ವೈದ್ಯರು ಹೇಳಬಹುದು. ಪ್ರತಿ ತಿಂಗಳೂ ರಕ್ತ ಹೋಗಲೇಬೇಕೆಂಬ ನಿಯಮ ಮಾತ್ರೆ ತೆಗೆದುಕೊಳ್ಳುವವರ ದೇಹಕ್ಕಿಲ್ಲ.

ಆದರೆ ಈ ಮಾತ್ರೆ ಎಲ್ಲರಿಗೂ ಅಲ್ಲ, ಮತ್ತು ಇದನ್ನು ಅಂಗಡಿಯಲ್ಲಿ ಕೇಳಿ ತರುವುದರಲ್ಲಿರುವ ಅಪಾಯ ಇದೇ. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿರುವವರು, ಕಣ್ಣೆದುರು ಮಿಂಚು ಕಂಡು ನಂತರ ಅರೆತಲೆನೋವು ಬರುವವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಸ್ತನ ಕ್ಯಾನ್ಸರ್ ಅಥವಾ ತೀವ್ರ ಯಕೃತ್ತಿನ ಕಾಯಿಲೆ ಇರುವವರು, 35 ದಾಟಿದ ಧೂಮಪಾನಿಗಳು, ಎದೆಹಾಲುಣಿಸುವ ಮೊದಲ ಆರು ತಿಂಗಳಲ್ಲಿರುವ ಬಾಣಂತಿಯರು ಸಂಯುಕ್ತ ಮಾತ್ರೆಯನ್ನು ತೆಗೆದುಕೊಳ್ಳಬಾರದು. ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುವವರಲ್ಲಿ ಮಾತ್ರೆಯ ಪರಿಣಾಮ ತಗ್ಗುತ್ತದೆ. ಮೇಲಿನ ಯಾವುದೂ ಇಲ್ಲದವರಲ್ಲಿ ಅಪಾಯ ಸಣ್ಣದು: ಮಾತ್ರೆ ತೆಗೆದುಕೊಳ್ಳದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೆ, ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಐದರಿಂದ ಏಳು ಮಂದಿಗೆ, ಡ್ರೋಸ್ಪಿರೆನೋನ್ ಎಂಬ ಹೊಸ ಪ್ರೊಜೆಸ್ಟಿನ್ ಇರುವುದರಲ್ಲಿ ಒಂಬತ್ತರಿಂದ ಹನ್ನೆರಡು ಮಂದಿಗೆ ಹೀಗಾಗುತ್ತದೆ. ದುಬಾರಿಯ ಹೊಸ ಮಾತ್ರೆಯೇ ಮೇಲು ಎಂದು ನಂಬುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಮೀನಖಂಡದಲ್ಲಿ ನೋವು ಮತ್ತು ಊತ, ಎದೆನೋವು, ಉಸಿರುಗಟ್ಟುವುದು, ಹಠಾತ್ತನೆ ಬರುವ ತೀವ್ರ ತಲೆನೋವು ಅಥವಾ ದೃಷ್ಟಿದೋಷ ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಉಳಿದ ದಾರಿಗಳ ಬಗ್ಗೆ ಚುಟುಕಾಗಿ ಹೇಳಬಹುದು. ಸರ್ಕಾರದ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಕೊಡಲಾಗುತ್ತದೆ; ಕಾಲಕ್ರಮೇಣ ಅನೇಕರಲ್ಲಿ ಮುಟ್ಟು ನಿಲ್ಲುತ್ತದೆಯಾದರೂ ಆರಂಭದಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸುವುದು ಸಾಮಾನ್ಯ, ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಹಲವು ತಿಂಗಳು ತಡವಾಗುತ್ತದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ‘ಛಾಯಾ’ ಗರ್ಭನಿರೋಧಕ ಮಾತ್ರೆ ಸ್ಟಿರಾಯ್ಡ್ ಹಾರ್ಮೋನೇ ಅಲ್ಲ, ಆದರೂ ಅತಿಸ್ರಾವಕ್ಕೆ ನಮ್ಮ ವೈದ್ಯರು ಅದನ್ನು ಬೇರೆ ಪ್ರಮಾಣದಲ್ಲಿ ಕೊಡುತ್ತಾರೆ. ಗೌರಿ ಹಬ್ಬಕ್ಕೋ ಗೃಹಪ್ರವೇಶಕ್ಕೋ ಮುಟ್ಟನ್ನು ಮುಂದೂಡಲು ತರಿಸಿಕೊಳ್ಳುವ ನಾರೆಥಿಸ್ಟೆರಾನ್ ಮಾತ್ರೆಯನ್ನು ಸ್ರಾವ ತಡೆಯಲೂ ಬಳಸುವುದುಂಟು; ಹಾಗೆ ಬಳಸುವಾಗ ಅದನ್ನು ಗರ್ಭ ತಡೆಯುವ ಮಾತ್ರೆಯೆಂದು ನೆಚ್ಚಿಕೊಳ್ಳಬಾರದು. ಹಾರ್ಮೋನೇ ಬೇಡವೆಂದರೆ, ರಕ್ತ ಹೆಚ್ಚಿರುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಮ್ಲ ಇದೆ.

ಯಾವುದನ್ನೇ ಆರಿಸಿಕೊಂಡರೂ ಕಷ್ಟದ ಅವಧಿ ಮೊದಲ ಮೂರು ತಿಂಗಳು, ವಂಕಿಯಾದರೆ ಮೂರರಿಂದ ಆರು ತಿಂಗಳು. ತಿಂಗಳಿಡೀ ಹನಿಹನಿಯಾಗಿ ಕಲೆ ಕಾಣಿಸಿಕೊಳ್ಳುವುದು, ಸ್ತನಗಳಲ್ಲಿ ಬಿಗಿತ, ವಾಕರಿಕೆ ಈ ಅವಧಿಯಲ್ಲಿ ಸಾಮಾನ್ಯ. ಇದನ್ನು ಮೊದಲೇ ಹೇಳದಿರುವುದರಿಂದಲೇ ಅನೇಕರು ‘ಔಷಧಿ ನನಗೆ ಒಗ್ಗಲಿಲ್ಲ’ ಎಂದು ಫಲ ಸಿಗುವ ಹೊತ್ತಿಗೆ ಸರಿಯಾಗಿ ಬಿಟ್ಟುಬಿಡುತ್ತಾರೆ. ಕ್ಯಾಲೆಂಡರಿನ ಗೀಟುಗಳನ್ನು ಮುಂದುವರಿಸಿದರೆ, ಕಲೆ ಬಿದ್ದ ದಿನಗಳು ಹೆಚ್ಚಿದ್ದರೂ ಒಟ್ಟು ರಕ್ತ ಕಡಿಮೆಯಾಗುತ್ತಿರುವುದು ಕಣ್ಣಿಗೇ ಕಾಣುತ್ತದೆ. ವಂಕಿ ಹಾಕಿಸಿಕೊಂಡವರು ಜ್ವರ, ಕೆಳಹೊಟ್ಟೆಯ ತೀವ್ರ ನೋವು ಬಂದರೆ, ಅಥವಾ ಕೈಗೆ ಸಿಗಬೇಕಾದ ವಂಕಿಯ ದಾರ ಸಿಗದಿದ್ದರೆ ಕಾಯಬಾರದು. ಅತಿಸ್ರಾವ ಇರುವವರಲ್ಲಿ ವಂಕಿ ತಾನಾಗಿ ಜಾರಿಹೋಗುವ ಸಾಧ್ಯತೆ ತುಸು ಹೆಚ್ಚು. ಗಂಟೆಗೊಂದರಂತೆ ಪ್ಯಾಡ್ ತೊಯ್ದು, ತಲೆಸುತ್ತು, ಎದೆಬಡಿತ ಶುರುವಾದರೆ ಅದು ತುರ್ತು ಚಿಕಿತ್ಸೆಯ ಹೊತ್ತು.

ಇದರ ಜೊತೆಗೇ ಕಬ್ಬಿಣ ತುಂಬಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಾರ್ಮೋನು ಸೋರಿಕೆಯನ್ನು ತಡೆಯುತ್ತದೆಯೇ ಹೊರತು ಈಗಾಗಲೇ ಬರಿದಾದುದನ್ನು ತುಂಬುವುದಿಲ್ಲ. ಹಿಮೋಗ್ಲೋಬಿನ್ 12 ಗ್ರಾಂ ಮುಟ್ಟಿದ ಮೇಲೂ ಸುಮಾರು ಮೂರು ತಿಂಗಳು ಕಬ್ಬಿಣದ ಮಾತ್ರೆ ಮುಂದುವರಿಯಬೇಕು, ಮತ್ತು ಅದನ್ನು ಕಾಫಿ, ಚಹಾದ ಜೊತೆ ನುಂಗಬಾರದು. ನಿಂಬೆ ಪಾನಕದ ಜೊತೆ ಒಳ್ಳೆಯದು.

ಮೂರು ತಿಂಗಳ ನಂತರ ಅದೇ ವೈದ್ಯರನ್ನು ಲೆಕ್ಕದೊಡನೆ ಕಾಣಬೇಕು. ಒಂದು ಬಗೆ ಒಗ್ಗದಿದ್ದರೆ ಇನ್ನೊಂದಕ್ಕೆ ಬದಲಾಯಿಸಬಹುದು. ಆ ಹಂತದಲ್ಲಿ ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆ ಬಂದರೆ, ಈ ಔಷಧಗಳಲ್ಲಿ ಯಾವುದನ್ನು, ಎಷ್ಟು ತಿಂಗಳು ಪ್ರಯತ್ನಿಸಲಾಗಿದೆ ಎಂದು ಕೇಳುವ ಹಕ್ಕು ನಿಮಗಿದೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಮತ್ತೊಬ್ಬ ಸ್ತ್ರೀರೋಗ ತಜ್ಞರಿಗೆ ಸ್ಕ್ಯಾನಿಂಗ್ ವರದಿಯನ್ನೂ ಕ್ಯಾಲೆಂಡರನ್ನೂ ತೋರಿಸಿ ಬನ್ನಿ.