ಗ್ಯಾಸ್ ಗೀಸರ್ ಇರುವ ಅಪಾರ್ಟ್‌ಮೆಂಟಿಗೆ ಒಂದೇ ಪಟ್ಟಿ: ಮಾಡುವುದು ಹೇಗೆ?

ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಬಚ್ಚಲುಮನೆಯ ಕಿಂಡಿ ಬಯಲಿಗೆ ತೆರೆಯುವುದಿಲ್ಲ, ಡಕ್ಟ್‌ಗೆ, ಅಂದರೆ ಮನೆಗಳ ನಡುವೆ ಮೇಲಿಂದ ಕೆಳಗೆ ಇಳಿಯುವ ಕಿರಿದಾದ ಗಾಳಿಕೊಳವೆಗೆ, ತೆರೆಯುತ್ತದೆ. ಆ ಡಕ್ಟ್ ಮೇಲಿನ ಮನೆಗೂ ಕೆಳಗಿನ ಮನೆಗೂ ಒಂದೇ. ಕೆಳಗಿನವರ ಗೀಸರ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮೇಲಿನ ಮನೆಗೂ ನುಗ್ಗಬಹುದು. ಸಿಲಿಂಡರ್ ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹಾಗಾಗಿ ನಮ್ಮ ಮನೆಯದನ್ನಷ್ಟೇ ನೋಡಿಕೊಂಡರೆ ಸಾಲದು, ಎಲ್ಲರ ಮನೆಯ ಲೆಕ್ಕ ಒಂದೇ ಪಟ್ಟಿಯಲ್ಲಿ ಇರಬೇಕು.

ಮೊದಲು ಯಾರ ಮನೆಯಲ್ಲಿ ಗೀಸರ್ ಎಲ್ಲಿದೆ ಅಂತ ಬರೆದುಕೊಳ್ಳಿ. ಬಚ್ಚಲುಮನೆಯ ಒಳಗೇ ಇದ್ದರೆ ಗಾಳಿಯಲ್ಲಿ ವಿಷ ಎಷ್ಟಿದೆ ಅಂತ ಅಳೆಯುವ ಮಾತೇ ಬೇಡ. ಇವತ್ತೇ ನಿಲ್ಲಿಸಿ, ಹೊರಗೆ ಗಾಳಿ ಆಡುವ ಜಾಗಕ್ಕೆ ಹಾಕಿಸಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ಉರಿ ಆಮ್ಲಜನಕವನ್ನು ತಿಂದುಹಾಕುತ್ತದೆ, ಆಮೇಲೆ ಅರೆಬರೆ ಉರಿಯುತ್ತದೆ. ವಿಷ ಹುಟ್ಟುವುದೇ ಆಗ. 'ಕಿಟಕಿ ಸ್ವಲ್ಪ ತೆರೆದಿರುತ್ತೇವೆ' ಎನ್ನುವ ಸಮಾಧಾನವನ್ನು ನಾನಂತೂ ಒಪ್ಪುವುದಿಲ್ಲ.

ಎರಡನೆಯದು, ಎಲ್ಲರಿಗೂ ಕಾಣುವ ಒಂದು ಶೀಟ್. ಫ್ಲಾಟ್ ನಂಬರ್ ಸಾಕು, ಹೆಸರು ಬೇಡ. ಹೆಸರು ಹಾಕಿದರೆ ಬಾಡಿಗೆಯವರು ಓನರ್‌ಗೆ ಹೆದರಿ ನಿಜ ಬರೆಯುವುದಿಲ್ಲ.

ಮೂರನೆಯದು, ಬಚ್ಚಲಿನ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂಬ ಅಳತೆ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಕಟ್ಟಡದಲ್ಲಿ ಮೊದಲ ಸಲ ಅರ್ಧ ಜನ 'ಓಕೆ' ಅಂತ ಬರೆದಿದ್ದರು. ಉಳಿದವರು ಮಧ್ಯಾಹ್ನ, ಕಿಟಕಿಯೆಲ್ಲ ತೆರೆದಿಟ್ಟು ಅಳೆದು ಸೊನ್ನೆ ಹಾಕಿದ್ದರು. ಆ ಪಟ್ಟಿಯನ್ನು ಪೂರ್ತಿ ಅಳಿಸಬೇಕಾಯಿತು.

ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಎಷ್ಟು ಭಾಗ) ಅಂಕಿ ತೋರಿಸುವ, ಅತಿ ಹೆಚ್ಚಿನ ಅಂಕಿಯನ್ನು ನೆನಪಿಟ್ಟುಕೊಳ್ಳುವ ಮೀಟರ್ ಕೊಳ್ಳಿ. ಇಡೀ ಕಟ್ಟಡಕ್ಕೆ ಒಂದು ಸಾಕು. ಚಳಿಗಾಲದ ಬೆಳಿಗ್ಗೆ, ಎಲ್ಲರೂ ಸ್ನಾನ ಮಾಡುವ ಹೊತ್ತನ್ನೇ ಆರಿಸಿ. ಮೊದಲು ಟೆರೇಸಿನಲ್ಲಿ ಮೀಟರ್ ಆನ್ ಮಾಡಿ, ಸೊನ್ನೆ ತೋರಿಸಬೇಕು. ಆಮೇಲೆ ಮೇಲಿನ ಮನೆಯ ಬಚ್ಚಲಿನಲ್ಲಿ ಸ್ಟೂಲ್ ಮೇಲೆ ಇಟ್ಟು, ಬಾಗಿಲು ಹಾಕಿ, ನೀವು ಹೊರಗೆ ಬನ್ನಿ. ಕಿಂಡಿ ದಿನಾ ಹೇಗಿರುತ್ತದೋ ಹಾಗೇ ಇರಲಿ. ಅದೇ ಡಕ್ಟ್‌ನ ಕೆಳಗಿನ ಮನೆಗಳಲ್ಲಿ ಗೀಸರ್‌ಗಳನ್ನು ಒಟ್ಟಿಗೆ 15 ನಿಮಿಷ ಓಡಿಸಿ. ಆಗ ಯಾರೂ ಸ್ನಾನಕ್ಕೆ ಇಳಿಯಬಾರದು. ಮೀಟರ್ ಕೂಗಿದರೆ ನೋಡಲು ಒಳಗೆ ಹೋಗಬೇಡಿ. ಕೆಳಗಿನವರಿಗೆ ಫೋನ್ ಮಾಡಿ ಗೀಸರ್ ಆಫ್ ಮಾಡಿಸಿ, ಕಿಟಕಿಗಳನ್ನು ತೆರೆದು ಮನೆಯಿಂದ ಆಚೆ ಬನ್ನಿ.

ಶೀಟಿನಲ್ಲಿ ಅಂಕಿಯನ್ನೇ ಬರೆಯಿರಿ, ಹೊತ್ತನ್ನೂ ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಂದು ಗಂಟೆಯ ಸರಾಸರಿಗೆ ಸುಮಾರು 30 ಪಿಪಿಎಂ, 8 ಗಂಟೆಗಳ ಸರಾಸರಿಗೆ ಸುಮಾರು 9. ನಾವು 9 ದಾಟಿದ್ದಕ್ಕೆಲ್ಲ ಕೆಂಪು ಬಣ್ಣ ಹಚ್ಚುತ್ತೇವೆ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಲ್ಲ, ಅಳತೆ ಯಾಕೆ ಅಂತ ಕೇಳುತ್ತಾರೆ. ಯುರೋಪಿನ ಇಎನ್ 50291 ಗುಣಮಟ್ಟದ ಅಲಾರಂ 50 ಪಿಪಿಎಂನಲ್ಲಿ 60ರಿಂದ 90 ನಿಮಿಷ ಆದ ಮೇಲಷ್ಟೇ ಕೂಗುತ್ತದೆ. ಅದು ಸುಮ್ನೆ ಇದೆ ಅಂದರೆ ಗಾಳಿ ಶುದ್ಧ ಅಂತ ಅರ್ಥವಲ್ಲ. ಆದರೂ ಅಲಾರಂ ಬೇಕೇ ಬೇಕು. ಡಬ್ಬಿಯ ಮೇಲೆ ಇಎನ್ 50291 ಅಥವಾ ಅಮೆರಿಕದ ಯುಎಲ್ 2034 ಅಂತ ಇಲ್ಲದ್ದನ್ನು ಕೊಳ್ಳಬೇಡಿ. ಗ್ಯಾಸ್ ಸೋರಿಕೆಯ ಅಲಾರಂ ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುವುದಿಲ್ಲ. ಬಣ್ಣ ಬದಲಾಗುವ ಅಂಟುಚೀಟಿ ನಿಮ್ಮನ್ನು ನಿದ್ದೆಯಿಂದ ಎಬ್ಬಿಸುವುದಿಲ್ಲ. ಅಲಾರಂನ ಎಕ್ಸ್‌ಪೈರಿ ದಿನಾಂಕವನ್ನೂ ಶೀಟಿಗೆ ಸೇರಿಸಿ.

ನಾಲ್ಕನೆಯದು, ಪಟ್ಟಿಯನ್ನು ಮಹಡಿಯ ಲೆಕ್ಕದಲ್ಲಿ ಜೋಡಿಸಬೇಡಿ, ಡಕ್ಟ್‌ನ ಲೆಕ್ಕದಲ್ಲಿ ಜೋಡಿಸಿ. ನಮ್ಮಲ್ಲಿ ಮಹಡಿಯ ಲೆಕ್ಕದಲ್ಲಿ ಕೆಂಪು ಅಲ್ಲೊಂದು ಇಲ್ಲೊಂದು ಚದುರಿತ್ತು. ಡಕ್ಟ್ ಪ್ರಕಾರ ಜೋಡಿಸಿದ ಕೂಡಲೇ ಮೂರು ಕೆಂಪು ಸಾಲುಗಳು ಒಂದರ ಕೆಳಗೊಂದು ನಿಂತವು. ಅವುಗಳ ಕೆಳಗಿನ ಮನೆಯ ಗೀಸರ್‌ನಲ್ಲಿ ಉರಿ ನೀಲಿ ಇರಲಿಲ್ಲ, ಹಳದಿ ಇತ್ತು. ಬರ್ನರ್ ತುಂಬ ಮಸಿ. ಮೇಲಿನ ಮನೆಯವರೊಬ್ಬರು ಬೆಳಗಿನ ತಲೆನೋವಿಗೆ ಪಿತ್ತ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು.

ಅದಕ್ಕೇ ಶೀಟಿನಲ್ಲಿ ಇನ್ನೊಂದು ಕಾಲಂ ಇರಲಿ: ಮನೆಯಲ್ಲಿ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆ ಆಗುತ್ತದೆಯೇ? ಹೌದು ಅಥವಾ ಇಲ್ಲ, ಅಷ್ಟೇ.

ಯಾರಾದರೂ ಬಚ್ಚಲಿನಲ್ಲಿ ಕುಸಿದರೆ ಬಾಗಿಲು ಕಿಟಕಿ ತೆರೆದು, ಅವರನ್ನು ಕೂಡಲೇ ಹೊರಗಿನ ಗಾಳಿಗೆ ತಂದು, 108ಕ್ಕೆ ಕರೆ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ರಕ್ತದಲ್ಲಿ ಇರುವುದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಅದಕ್ಕೆ ಗೊತ್ತಾಗುವುದಿಲ್ಲ. ಆಸ್ಪತ್ರೆಯಲ್ಲಿ ಮೊದಲ ಮಾತೇ 'ಮನೆಯಲ್ಲಿ ಗ್ಯಾಸ್ ಗೀಸರ್ ಇದೆ' ಎಂದಿರಲಿ.